ಕೋರಂ ಆತೇನ್ರಿ?

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಸುತ್ತಲಿನ ಹೊಲಗಳು ಒಂದೊಂದಾಗಿ ಪ್ಲಾಟುಗಳಾದವು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಮನೆ ಕಟ್ಟಿಕೊಂಡರು. ಮನೆಗಳೆದ್ದ ಮೇಲೆ ನೀರು, ಗಟಾರ, ಬೀದಿದೀಪದ ಚಿಂತೆ. ಅದಕ್ಕೊಂದು ನಿವಾಸಿಗಳ ಸಂಘ. ಸಂಘಕ್ಕೊಂದು ವಾರ್ಷಿಕ ಸಭೆ. ಹತ್ತು ಗಂಟೆಯ ಸಭೆಗೆ ಹನ್ನೊಂದಾದರೂ ಕುರ್ಚಿ ತುಂಬುವುದಿಲ್ಲ. "ಕೋರಂ ಆತೇನ್ರಿ?" ಎಂದು ಒಬ್ಬರು ಕೇಳುತ್ತಾರೆ. "ಎಲ್ಲಿ ಆಗ್ತೈತ್ರಿ, ಎಂಟು ಮಂದಿ ಅದೀವಿ" ಎಂದು ಕಾರ್ಯದರ್ಶಿ. ಆಮೇಲೆ ಹಾಜರಿ ಪುಸ್ತಕವೇ ಮನೆಮನೆಗೆ ಹೊರಡುತ್ತದೆ. "ನೀವು ಬರೂದು ಬ್ಯಾಡ್ರಿ, ಸಹಿ ಅಷ್ಟ ಮಾಡ್ರಿ." ಚಹಾ ಬರುವಷ್ಟರಲ್ಲಿ ಠರಾವು ಪಾಸು!

ನಗುವ ಮಾತೇನೋ ಹೌದು. ಆದರೆ ಆ ಠರಾವಿನಲ್ಲಿ ಸಂಘದ ಠೇವಣಿ ಒಡೆಯುವ ಮಾತಿರಬಹುದು. ಪ್ರತಿ ಮನೆಗೂ ಹೊಸ ವಂತಿಗೆ ಹೇರುವ ಮಾತಿರಬಹುದು. ಸಭೆಗೆ ಬಾರದೆ ಸಹಿ ಮಾಡಿದವರೂ ದುಡ್ಡು ಕೊಡಲೇಬೇಕು.

ಸಭೆ ಸಿಂಧುವಾಗಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆಯೇ ಕೋರಂ. ನಮ್ಮ ಸಂವಿಧಾನ ಸಂಸತ್ತಿನ ಪ್ರತಿ ಸದನಕ್ಕೂ ಹತ್ತನೇ ಒಂದು ಭಾಗವನ್ನು ಗೊತ್ತುಮಾಡಿದೆ. 543 ಸದಸ್ಯರ ಲೋಕಸಭೆಗೆ 55 ಜನ ಸಾಕು. ರಾಜ್ಯ ಶಾಸನಸಭೆಗಳಿಗೆ ಹತ್ತು ಜನ ಅಥವಾ ಹತ್ತನೇ ಒಂದು ಭಾಗ, ಯಾವುದು ಹೆಚ್ಚೋ ಅದು. ಹಾಗಾಗಿ 224 ಸದಸ್ಯರ ನಮ್ಮ ವಿಧಾನಸಭೆಗೆ 23, 75 ಸದಸ್ಯರ ವಿಧಾನ ಪರಿಷತ್ತಿಗೆ 10.

ದೇಶಕ್ಕೇ ಹತ್ತನೇ ಒಂದು ಸಾಕಾದರೆ ನಮ್ಮ ಬಡಾವಣೆಗೆ ಸಾಲದೇ? ಸ್ವಲ್ಪ ಲೆಕ್ಕ ಮಾಡೋಣ. 120 ಮನೆಗಳ ಬಡಾವಣೆ. ಕೋರಂ ಹತ್ತನೇ ಒಂದು, ಅಂದರೆ 12. ಅವರಲ್ಲಿ ಏಳು ಜನ ಕೈ ಎತ್ತಿದರೆ ಬಹುಮತ. 120 ಮನೆಗಳ ಹಣೆಬರಹವನ್ನು ನೂರಕ್ಕೆ ಆರಕ್ಕಿಂತಲೂ ಕಡಿಮೆ ಮಂದಿ ಬರೆದಂತಾಯಿತು. ಲೋಕಸಭೆಯ ಕಲಾಪವನ್ನು ದೇಶವೆಲ್ಲ ನೋಡುತ್ತಿರುತ್ತದೆ. ಬಡಾವಣೆಯ ಸಭೆಯನ್ನು ನೋಡುವವರು ಯಾರು?

ಹಾಗಾದರೆ ಅರ್ಧದಷ್ಟು, 60 ಎಂದು ಇಟ್ಟುಬಿಡೋಣವೇ? ಇಲ್ಲೊಂದು ಬಲೆಯಿದೆ. ಒಂದು ಠರಾವಿನ ಪರ 45 ಮನೆಗಳು, ವಿರುದ್ಧ 30 ಎನ್ನಿ. ಎಲ್ಲರೂ ಬಂದರೆ ಹಾಜರಿ 75, ಠರಾವು ಗೆಲ್ಲುತ್ತದೆ. ಆ ಮೂವತ್ತು ಮಂದಿ ಮನೆಯಲ್ಲೇ ಕೂತರೆ ಹಾಜರಿ 45 ಮಾತ್ರ, ಸಭೆಯೇ ಇಲ್ಲ! ಬಂದು ವಾದಿಸಿದವರು ಸೋಲುತ್ತಾರೆ, ಬಾರದವರು ಗೆಲ್ಲುತ್ತಾರೆ. ಸಭೆ ನಡೆಯದಷ್ಟು ದಿನವೂ ಹಳೆಯ ಪದಾಧಿಕಾರಿಗಳ ಕುರ್ಚಿ ಭದ್ರ.

ಈ ಜಾಣತನ ಹೊಸದೇನಲ್ಲ. 1840ರ ಡಿಸೆಂಬರಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಶಾಸಕರಾಗಿದ್ದ ಅಬ್ರಹಾಂ ಲಿಂಕನ್ ಕೋರಂ ಮುರಿಯಲೆಂದು ಸಭೆಯ ಕಿಟಕಿಯಿಂದ ಹೊರಗೆ ಹಾರಿದ್ದರು. ಅಷ್ಟರಲ್ಲಿ ಅವರ ಹಾಜರಿ ಎಣಿಕೆಯಾಗಿಬಿಟ್ಟಿತ್ತು, ಹಾರಿದ್ದು ವ್ಯರ್ಥವಾಯಿತು.

ವಿಜ್ಞಾನದ ಮೇಷ್ಟರಾದ ನಮಗೆ ಕೋರಂ ಎಂದೊಡನೆ ನೆನಪಾಗುವುದು ಬೇರೊಂದು ಸಭೆ. ವಿಬ್ರಿಯೊ ಫಿಶರಿ ಎಂಬ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲಿ ಒಂಟಿಯಾಗಿರುವಾಗ ಬೆಳಗುವುದಿಲ್ಲ. ಬೆಳಗಿದರೂ ಯಾರಿಗೂ ಕಾಣದು, ಶಕ್ತಿ ದಂಡ. ಒಂದೊಂದೂ ಒಂದು ರಾಸಾಯನಿಕವನ್ನು ಹೊರಬಿಡುತ್ತಿರುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದೇಹದ ಪುಟ್ಟ ಚೀಲದಲ್ಲಿ ಅವು ಕಿಕ್ಕಿರಿದಾಗ ಆ ರಾಸಾಯನಿಕ ಸಾಂದ್ರವಾಗುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. 1994ರಲ್ಲಿ ವಿಜ್ಞಾನಿಗಳು ಇದಕ್ಕೆ 'ಕೋರಂ ಸೆನ್ಸಿಂಗ್' ಎಂದೇ ಹೆಸರಿಟ್ಟರು. ಈ ಜೀವಿಗಳಿಗೆ ಹಾಜರಿ ಪುಸ್ತಕವಿಲ್ಲ. ಕೆಲಸಕ್ಕೆ ಸಾಕಾಗುವಷ್ಟು ಜನ ಸೇರಿದ್ದೇವೆಯೇ ಎಂಬುದೊಂದೇ ಅವುಗಳ ಪ್ರಶ್ನೆ.

ನಮ್ಮ ಪ್ರಶ್ನೆಯೂ ಅದೇ ಆಗಬೇಕು. ಲೆಕ್ಕಪತ್ರ ಒಪ್ಪುವಂಥ ಸಾಮಾನ್ಯ ಕೆಲಸಕ್ಕೆ ಐದನೇ ಒಂದು ಭಾಗ, 24 ಮನೆ ಸಾಕು. ಠೇವಣಿ, ವಿಶೇಷ ವಂತಿಗೆ, ನಿಯಮಾವಳಿ ತಿದ್ದುಪಡಿಯಂಥ ಭಾರದ ಕೆಲಸಕ್ಕೆ ಹಾಜರಿಯ ಜತೆಗೆ ಕೈ ಎತ್ತಿದವರನ್ನೂ ಎಣಿಸಬೇಕು. "ಹಾಜರಿ 24, ಆದರೆ ಕನಿಷ್ಠ 40 ಮನೆಗಳು ಪರವಾಗಿರಬೇಕು, ವಿರೋಧ ಅದಕ್ಕಿಂತ ಕಡಿಮೆಯಿರಬೇಕು" ಎಂದು ಬರೆದುಕೊಂಡರೆ ಮನೆಯಲ್ಲಿ ಕೂತು ಸಭೆ ಕೆಡಿಸುವ ಆಟ ನಡೆಯದು. ಮೇಲಿನ 45 ಮನೆಗಳು ಎರಡೂ ಸಲ ಗೆಲ್ಲುತ್ತವೆ. ಏಳು ಮಂದಿಯ ದರ್ಬಾರೂ ನಿಲ್ಲುತ್ತದೆ.

ಮುಂದೂಡಿದ ಸಭೆಯ ಮೇಲೂ ಕಣ್ಣಿರಲಿ. 2013ರ ಕಂಪನಿ ಕಾಯ್ದೆಯಲ್ಲಿ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ. ಆಗಲೂ ಆಗದಿದ್ದರೆ ಬಂದವರೇ ಕೋರಂ. ಕೆಲವು ಸಂಘಗಳು ವಾರದ ಬದಲು ಅರ್ಧ ಗಂಟೆ ಮುಂದೂಡಿ, ಅದೇ ಶಾಮಿಯಾನದಡಿ ಎಲ್ಲವನ್ನೂ ಮುಗಿಸುತ್ತವೆ. ಏಳು ದಿನದ ಅಂತರ ಇರಲಿ, ಭಾರದ ವಿಷಯಗಳನ್ನು ಆ ಸಭೆಯಲ್ಲಿ ಎತ್ತದಿರಲಿ.

ಎಣಿಕೆಯೂ ಸ್ಪಷ್ಟವಿರಲಿ. ಒಂದು ಮನೆಗೆ ಒಂದೇ ಲೆಕ್ಕ; ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದರೆ ಎರಡಲ್ಲ. ಪ್ಲಾಟು ಕೊಂಡು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವವರನ್ನು 120ರಲ್ಲಿ ಸೇರಿಸಬೇಕೇ ಎಂಬುದನ್ನು ಮೊದಲೇ ಬರೆದಿಡಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಸಭೆ ಕರೆದು "ಮಂದಿ ಬರೂದಿಲ್ಲ" ಎನ್ನುವುದು ನ್ಯಾಯವಲ್ಲ.

ಬರುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ನಾಡು ಇದು. ತಮ್ಮ ಮಾತಿಗೆ ಬೆಲೆಯಿದೆ ಎಂದು ಗೊತ್ತಾದರೆ ನಮ್ಮ ಮಂದಿ ಬರುತ್ತಾರೆ.

ನಿಮ್ಮ ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದೆಯೋ, 1959ರ ಸಹಕಾರ ಸಂಘಗಳ ಕಾಯ್ದೆಯಡಿ ಇದೆಯೋ ನೋಡಿಕೊಳ್ಳಿ. ಕಾಯ್ದೆ ಹೇಳಿದ್ದನ್ನು ನಿಯಮಾವಳಿ ಮೀರುವಂತಿಲ್ಲ. ಉಳಿದದ್ದು ನಿಮ್ಮ ಕೈಯಲ್ಲಿದೆ. ಮುಂದಿನ ನೋಟೀಸು ಬರುವ ಮೊದಲು ಆ ಪುಸ್ತಿಕೆ ತೆಗೆದು, ಕೋರಂ ಎದುರಿಗೆ ಯಾವ ಅಂಕಿಯಿದೆ ಎಂದು ಒಮ್ಮೆ ಓದಿ.