ಪಿನ್‌ಬಾಲ್ ಯಂತ್ರಕ್ಕೆ ದುಬಾರಿ ಗಾಜು ಬೇಕೆ?

ಪಿನ್‌ಬಾಲ್ ಎಂಬುದು ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಯಂತ್ರದಾಟ. ಇಳಿಜಾರು ಹಲಗೆಯ ಮೇಲೆ ಉರುಳಿ ಬರುವ ಉಕ್ಕಿನ ಚೆಂಡನ್ನು ಆಟಗಾರನು ಎರಡು ಪುಟ್ಟ ತೋಳುಗಳಿಂದ ಮತ್ತೆ ಮತ್ತೆ ಮೇಲಕ್ಕೆ ಬಡಿಯಬೇಕು. ಹಲಗೆಯ ಮೇಲೆ, ಕೆಲವು ಅಂಗುಲಗಳ ಎತ್ತರದಲ್ಲಿ, ಗಾಜು ಮುಚ್ಚಿರುತ್ತದೆ. ಹಿಂದುಗಡೆ ನೆಟ್ಟಗೆ ನಿಂತ ಪೆಟ್ಟಿಗೆಯಲ್ಲಿ ದೀಪಗಳು ಝಗಝಗಿಸುತ್ತಿರುತ್ತವೆ. ಈ ದೀಪಗಳೂ ಕೋಣೆಯ ದೀಪಗಳೂ ಗಾಜಿನಲ್ಲಿ ಪ್ರತಿಬಿಂಬಿಸಿ ಚೆಂಡನ್ನು ಮರೆಸುತ್ತವೆ. ಇದಕ್ಕೆ ಪರಿಹಾರವೆಂದು ವಿಶೇಷ ಲೇಪನದ ಗಾಜು ಸಾಮಾನ್ಯ ಗಾಜಿನ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ. ಅದನ್ನು ಕೊಳ್ಳಬೇಕೆ, ಬೇಡವೆ? ನಾನು ಆ ಆಟವನ್ನು ಆಡಿದವನಲ್ಲ. ಆದರೆ ಪ್ರಶ್ನೆಯು ಬೆಳಕಿಗೆ ಸಂಬಂಧಿಸಿದುದಾದ್ದರಿಂದ ಒಂದೆರಡು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲು ಒಂದೊಂದು ಮುಖದಿಂದಲೂ ಹಿಂದಿರುಗುತ್ತದೆ. ಎರಡು ಮುಖಗಳಿಂದ ಒಟ್ಟು 8 ಪಾಲು. 1938ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಕ್ಯಾಥರೀನ್ ಬ್ಲಾಜೆಟ್ ಎಂಬ ವಿಜ್ಞಾನಿ ಗಾಜಿನ ಮೇಲೆ ಸಾಬೂನಿನ ಜಾತಿಯ 44 ಪೊರೆಗಳನ್ನು ಹೊದಿಸಿ ಈ ಹೊಳಪನ್ನು ಬಹುಮಟ್ಟಿಗೆ ಅಳಿಸಿದರು. ಲೇಪನದ ದಪ್ಪವು ಅದರೊಳಗೆ ಸಾಗುವ ಬೆಳಕಿನ ಅಲೆಯುದ್ದದ ನಾಲ್ಕನೆಯ ಒಂದು ಪಾಲಿದ್ದರೆ, ಅದರ ಮೇಲ್ಮುಖದಿಂದಲೂ ಕೆಳಮುಖದಿಂದಲೂ ಮರಳುವ ಅಲೆಗಳಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಎರಡೂ ಅಡಗುತ್ತವೆ. ಆ ಪೊರೆ ಒರೆಸಿದರೆ ಹೋಗುತ್ತಿತ್ತು. ಇಂದಿನ ಗಟ್ಟಿ ಲೇಪನಗಳು ಪ್ರತಿಫಲನವನ್ನು ನೂರಕ್ಕೆ 1 ಪಾಲಿಗಿಂತಲೂ ಕೆಳಗಿಳಿಸಬಲ್ಲವು.

ಆದರೆ ಇದು ನೇರ ನೋಟದ ಲೆಕ್ಕ. ಪಿನ್‌ಬಾಲ್ ಆಡುವವನು ಗಾಜನ್ನು ಓರೆಯಾಗಿ ನೋಡುತ್ತಾನೆ. ಲಂಬಕ್ಕೆ 60 ಡಿಗ್ರಿ ಓರೆಯಾದರೆ ಬರಿಯ ಗಾಜಿನ ಪ್ರತಿ ಮುಖವೂ 4ರ ಬದಲು ಸುಮಾರು 9 ಪಾಲನ್ನು ಹಿಂದಿರುಗಿಸುತ್ತದೆ. ಲೇಪನದ ಅಳತೆಯೂ ಆಗ ತಪ್ಪುತ್ತದೆ. ಅದು ನೀಲಿಯ ಕಡೆಗೆ ಸರಿದು, ಕೆಂಪು ಬೆಳಕು ಅಷ್ಟಾಗಿ ಅಳಿಯುವುದಿಲ್ಲ. ಲೇಪಿಸಿದ ಗಾಜಿನ ಚೂರನ್ನು ತರಗತಿಯಲ್ಲಿ ವಿದ್ಯಾರ್ಥಿಗಳ ಕೈಗಿತ್ತು ಮೆಲ್ಲಗೆ ಓರೆಮಾಡಿಸುತ್ತೇನೆ. ಟ್ಯೂಬ್‌ಲೈಟಿನ ಮಂಕಾದ ಬಿಂಬವು ಬಣ್ಣ ಬದಲಿಸುತ್ತ ಪ್ರಕಾಶಗೊಳ್ಳುವುದನ್ನು ಅವರೇ ಕಾಣುತ್ತಾರೆ. ಬರಿಯ ಗಾಜಿಗಿಂತ ಅದು ಮೇಲೇ ಸರಿ. ಆದರೆ ಗಾಜೇ ಇಲ್ಲವೆಂಬ ಭ್ರಮೆಯನ್ನು ಹಣ ಕೊಟ್ಟು ಕೊಂಡವನು ಸ್ವಲ್ಪ ನಿರಾಶನಾದಾನು.

ಆದುದರಿಂದ ಮೊದಲು ದೀಪದ ಸ್ಥಾನವನ್ನು ಬದಲಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಪತನಕೋನ ಪ್ರತಿಫಲನಕೋನಗಳು ಸಮವೆಂಬ ನಿಯಮವನ್ನು ಬಳಸಲು ಕಾಸೂ ಬೇಡ. ದೀಪದ ಬಿಂಬವು ಕಣ್ಣಿಗೆ ಬೀಳದಂತೆ ಸರಿಸಿದರೆ, ಕಿಟಕಿಗೆ ಪರದೆ ಎಳೆದರೆ, ಅರ್ಧ ತೊಂದರೆ ನೀಗಿತು. ಉಳಿಯುವುದು ಯಂತ್ರದ್ದೇ ಹಿಂದಿನ ಪೆಟ್ಟಿಗೆಯ ಬೆಳಕು. ಅದನ್ನು ಸರಿಸಲಾಗದು. ದಿನವೂ ಆಡುವವನಿಗೆ ಅಷ್ಟರಿಂದಲೂ ಕಿರಿಕಿರಿಯಾಗುವುದಾದರೆ ಕೊಳ್ಳಲಿ, ಬೆರಳಿನ ಜಿಡ್ಡು ಆ ಗಾಜಿನ ಮೇಲೆ ಹೆಚ್ಚು ಎದ್ದು ಕಾಣುವುದೆಂದು ತಿಳಿದೇ ಕೊಳ್ಳಲಿ. ಆದರೆ ಅದೇ ಹೆಸರಿನಲ್ಲಿ ಸಿಕ್ಕುವ ಮಸುಕು ಮೈಯ ಗಾಜನ್ನು ಮಾತ್ರ ಕೊಳ್ಳಬಾರದು. ಅದು ಪ್ರತಿಫಲನವನ್ನು ತಗ್ಗಿಸದೆ ಚದುರಿಸುತ್ತದೆಯಷ್ಟೆ. ಚಿತ್ರಪಟಕ್ಕೆ ಅಂಟಿಕೊಂಡಂತಿದ್ದರೆ ಅದು ಸಹ್ಯ. ಚೆಂಡು ಅಂಗುಲಗಟ್ಟಲೆ ಕೆಳಗಿರುವಲ್ಲಿ ಎಲ್ಲವೂ ಮಸುಕಾಗುತ್ತದೆ.

ನಮ್ಮ ಕನ್ನಡಕದ ಅಂಗಡಿಗಳಲ್ಲಿ ಹೇಳುವ ಲೇಪನವೂ ಇದೇ ತತ್ತ್ವದ್ದು. ಅಲ್ಲಿ ನೋಟವು ಮಸೂರದ ಮೂಲಕ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಫಲ ಚೆನ್ನಾಗಿ ದೊರೆಯುತ್ತದೆ. ನನ್ನ ಕನ್ನಡಕಕ್ಕೆ ಅದನ್ನು ಹಾಕಿಸಿಕೊಂಡಿದ್ದೇನೆ.