ಕೆರೆ ಏರಿಯ ಮೇಲಿನ ಪಾಠ



2025ರ ಮೇ ತಿಂಗಳಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಕಾಲುವೆಯನ್ನು ವಿರೋಧಿಸಿ ಗುಬ್ಬಿ ತಾಲ್ಲೂಕಿನಲ್ಲಿ ಭಾರೀ ಪ್ರತಿಭಟನೆ ನಡೆದುದು ನಿಮಗೆ ನೆನಪಿರಬಹುದು. ನೀರು ನೇರವಾಗಿ ಕುಣಿಗಲ್ ಕಡೆಗೆ ಹರಿದರೆ ತಮ್ಮ ಪಾಲು ಕುಗ್ಗೀತೆಂಬ ಆತಂಕ ಗುಬ್ಬಿ, ತುಮಕೂರಿನವರದು. ತಮಗೆ ಹಂಚಿಕೆಯಾದ ನೀರೇ ತಲುಪುತ್ತಿಲ್ಲವೆಂಬ ನೋವು ಕುಣಿಗಲ್ಲಿನವರದು. ಆ ದಿನಗಳಲ್ಲಿ ಎರಡೂ ಕಡೆಯ ಹಳೆಯ ವಿದ್ಯಾರ್ಥಿಗಳಿಂದ ನನ್ನ ಮೊಬೈಲಿಗೆ ಸಂದೇಶಗಳು ಬಂದವು. ಬಹುಪಾಲು, ಯಾರೋ ಬರೆದುದನ್ನು ಮುಂದಕ್ಕೆ ಕಳುಹಿಸಿದವು. ತಮ್ಮೂರ ಕೆರೆಗೆ ಎಷ್ಟು ತೂಬುಗಳಿವೆ, ಕೋಡಿ ಕಡೆಯ ಬಾರಿ ಬಿದ್ದುದು ಯಾವಾಗ ಎಂಬುದನ್ನು ಒಬ್ಬರೂ ಬರೆದಿರಲಿಲ್ಲ. ತಪ್ಪು ಅವರದಲ್ಲ. ಗೊರೂರಿನ ಅಣೆಕಟ್ಟನ್ನು ಪುಸ್ತಕದಲ್ಲಿ ಓದಿಸಿದ ನಾನು, ಊರ ಕೆರೆಯ ಏರಿಯ ಮೇಲೆ ಅವರನ್ನು ನಿಲ್ಲಿಸಿ ಪಾಠ ಹೇಳಲಿಲ್ಲ.

ಇಂದು ಡಿಜಿಟಲ್ ಶಿಕ್ಷಣವೆಂದರೆ ಎಲ್ಲಿಯೋ ಸಿದ್ಧಪಡಿಸಿದ ವಿಡಿಯೋವನ್ನು ಮಕ್ಕಳಿಗೆ ತೋರಿಸುವುದೆಂದೇ ಅನೇಕರ ಭಾವನೆ. ಊರಿನ ತಿಳಿವಳಿಕೆಯನ್ನು ಪಾಠದೊಳಗೆ ತರಲು ಅದು ಬಳಕೆಯಾಗಬೇಕೆಂಬುದು ನನ್ನ ಅಭಿಪ್ರಾಯ.

ಇದು ಆಗದ ಮಾತಲ್ಲ. ತುಮಕೂರಿನ ಸಮೀಪ, ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ 'ಜನಸ್ತು' ಎಂಬ ಸಂಸ್ಥೆ ಸಮುದಾಯದ್ದೇ ಆದ ವೈ-ಫೈ ಜಾಲವನ್ನು ಕಟ್ಟಿ, ಹಳ್ಳಿಗರ ಮಾತುಗಳನ್ನು ಧ್ವನಿಯ ರೂಪದಲ್ಲಿಯೇ ಸಂಗ್ರಹಿಸಿ ಹಂಚಿಕೊಳ್ಳುವ ಪ್ರಯೋಗಗಳನ್ನು ನಡೆಸಿದೆ. ಇಂತಹ ಜಾಲಕ್ಕೆ ಹೊರಗಿನ ಅಂತರ್ಜಾಲ ಸಂಪರ್ಕ ಸದಾ ಇರಲೇಬೇಕೆಂದಿಲ್ಲ. ಊರಿನಲ್ಲಿಯೇ ಇರುವ ಪುಟ್ಟ ಗಣಕದಲ್ಲಿ ಕೂಡಿಟ್ಟದ್ದನ್ನು ಸುತ್ತಲಿನ ಫೋನುಗಳಲ್ಲಿ ಕೇಳಬಹುದು. ಹೀಗಾದರೆ ಓದುಬರಹ ಬಾರದ ಹಿರಿಯರೂ ಗುರುಗಳಾಗಬಲ್ಲರು.

ಗುಬ್ಬಿ ತಾಲ್ಲೂಕಿನ ಒಂದು ಶಾಲೆ, ಕುಣಿಗಲ್ ತಾಲ್ಲೂಕಿನ ಒಂದು ಶಾಲೆ ಒಂದು ವರ್ಷ ಈ ಕೆಲಸ ಮಾಡಲಿ. ಮಕ್ಕಳು ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ನಿಂತು ಕೆರೆಯ ಚಿತ್ರ ತೆಗೆಯಲಿ. ತೂಬು, ಕೋಡಿ, ಕಾಲುವೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಗುರುತಿಸಲಿ. ನೀರುಗಂಟಿಯ ಕೆಲಸ ಮಾಡಿದ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು ಮಾತನ್ನು ಮುದ್ರಿಸಿಕೊಳ್ಳಲಿ: ಯಾರ ಗದ್ದೆಗೆ ಮೊದಲು ನೀರು ಬಿಡುತ್ತಿದ್ದರು? ಕೆರೆ ಅರ್ಧ ತುಂಬಿದ ವರ್ಷ ಸರದಿಯನ್ನು ಹೇಗೆ ನಿರ್ಧರಿಸುತ್ತಿದ್ದರು? ವರ್ಷದ ಕೊನೆಗೆ ಎರಡೂ ಶಾಲೆಗಳು ತಮ್ಮ ಸಂಗ್ರಹವನ್ನು ವಿನಿಮಯ ಮಾಡಿಕೊಳ್ಳಲಿ.

ಮೊಬೈಲು ಕೊಟ್ಟರೆ ಮಕ್ಕಳು ಆಟದಲ್ಲಿ ಮುಳುಗುವರೆಂಬ ಆಕ್ಷೇಪಣೆ ಸುಳ್ಳಲ್ಲ. ಆದುದರಿಂದ ಐದಾರು ಮಕ್ಕಳ ಗುಂಪಿಗೆ ಒಂದೇ ಫೋನು ಸಾಕು, ಅದೂ ಉಪಾಧ್ಯಾಯರದು. ಉಳಿದವರ ಕೈಯಲ್ಲಿ ನೋಟುಪುಸ್ತಕವಿರಲಿ.

ಇದರಿಂದ ಹೇಮಾವತಿಯ ವಿವಾದ ಬಗೆಹರಿಯದೆಂದು ಬಲ್ಲೆ. ಆದರೆ ಕುಣಿಗಲ್ಲಿನ ನೀರುಗಂಟಿಯ ದನಿಯನ್ನು ಕೇಳಿದ ಗುಬ್ಬಿಯ ಮಗು, ಮುಂದೊಂದು ದಿನ ನೀರಿನ ವಿಷಯದಲ್ಲಿ ಮಾತನಾಡುವಾಗ ಅತ್ತಲಿನವರ ಬಾಯಾರಿಕೆಯನ್ನೂ ನೆನೆದೀತು. ಕುಣಿಗಲ್ಲಿನ ಮಗುವೂ ಅಷ್ಟೇ.

ನಿಮ್ಮಲ್ಲಿ ಉಪಾಧ್ಯಾಯರಾಗಿರುವವರು ಇದನ್ನು ಬೇಗ ಆರಂಭಿಸಬೇಕೆಂದು ಕೋರುತ್ತೇನೆ. ಫೋನುಗಳು ಮುಂದೆಯೂ ಸಿಗುತ್ತವೆ. ಕೆರೆಯ ಸರದಿಯನ್ನು ಬಲ್ಲ ಹಿರಿಯರು ಆಗ ಇರಲಾರರು.