ಟ್ರ್ಯಾಕ್ಟರಿಗೆ ತಕ್ಕ ನೇಗಿಲು ಯಾವುದು?

ಸಂಘದ ವತಿಯಿಂದ ಒಂದು ಟ್ರ್ಯಾಕ್ಟರನ್ನೂ ಅದರೊಡನೆ ಒಂದು ರೋಟವೇಟರನ್ನೂ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಬೇಕೆಂಬ ಸೂಚನೆಯು ಮುಂದಿನ ಮಹಾಸಭೆಯ ಮುಂದೆ ಬರಲಿದೆ. ಟ್ರ್ಯಾಕ್ಟರಿನ ಬಗ್ಗೆ ನಮ್ಮ ತಕರಾರಿಲ್ಲ. ಆಳುಗಳು ಸಿಗದ ಈ ಕಾಲದಲ್ಲಿ ಎರಡು ಮೂರು ಎಕರೆಯ ಹಿಡುವಳಿದಾರನು ಸ್ವಂತಕ್ಕೆ ಯಂತ್ರ ಇಟ್ಟುಕೊಳ್ಳಲಾರ. ಸಂಘ ಕೊಂಡು ಗಂಟೆಯ ಲೆಕ್ಕದಲ್ಲಿ ಕೊಡುವುದೇ ಯುಕ್ತ. ಆದರೆ ಅದರ ಹಿಂದೆ ಏನನ್ನು ಕಟ್ಟಬೇಕೆಂಬುದನ್ನು ‘ಎಲ್ಲ ಕಡೆಯೂ ರೋಟರಿ ಹೊಡೆಸುತ್ತಾರೆ’ ಎಂಬ ಒಂದೇ ಆಧಾರದ ಮೇಲೆ ತೀರ್ಮಾನಿಸುವುದು ನಮಗೆ ಒಪ್ಪಿಗೆಯಾಗದು. ಹಣ ಸದಸ್ಯರದು, ಮಣ್ಣೂ ಸದಸ್ಯರದು.

ಈ ಕಾರಣದಿಂದಲೇ ಕಳೆದ ಬೇಸಿಗೆಯಲ್ಲಿ ಇಬ್ಬರು ನಿರ್ದೇಶಕರೊಡನೆ ನಾವು ರಾಯಚೂರು, ದೇವದುರ್ಗ, ಮಾನ್ವಿ ಕಡೆ ಹೋಗಿ ಬಂದೆವು. ಕಾಫಿ ಅಡಿಕೆಯವರಿಗೆ ಎರೆಭೂಮಿಯ ಗೊಡವೆ ಏಕೆಂದು ಕೆಲವರು ನಕ್ಕರು. ಟ್ರ್ಯಾಕ್ಟರು ನಮ್ಮಲ್ಲಿ ಹೊಸ ಅತಿಥಿ. ಅಲ್ಲಿ ಅದು ಮನೆಯ ಆಳು. ಅದು ಮಣ್ಣಿಗೆ ಏನು ಮಾಡುತ್ತದೆಂಬುದನ್ನು ನೋಡಬೇಕಾದರೆ ಬಹಳ ದಿನ ಓಡಾಡಿದ ಕಡೆಯೇ ನೋಡಬೇಕು.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಆ ಸೀಮೆಯಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆಯಾದರೆ ಹೆಚ್ಚು. ದೇವದುರ್ಗ ತಾಲ್ಲೂಕಿನಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪದ ಎರೆಹೊಲಗಳಲ್ಲಿ ಹತ್ತಿ, ತೊಗರಿ, ಹಿಂಗಾರಿ ಜೋಳ. ಎರೆಮಣ್ಣಿನ ಗುಣ ನಮ್ಮ ಜಂಬಿಟ್ಟಿಗೆ ಮಣ್ಣಿನದಕ್ಕೆ ತದ್ವಿರುದ್ಧ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಮೊಳದಾಳ ಬಿರಿಯುತ್ತದೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಗುಣವದು. ಬೇಸಿಗೆಯ ಆ ಬಿರುಕುಗಳೇ ಒಂದು ಬಗೆಯ ಉಳುಮೆ; ಮೇಲ್ಮಣ್ಣು ಬಿರುಕಿಗೆ ಉದುರಿ ತಾನಾಗಿಯೇ ಮೇಲು ಕೆಳಗಾಗುತ್ತದೆ. ಇದನ್ನರಿತೇ ಹಿಂದಿನವರು ಎರೆಹೊಲಕ್ಕೆ ಪ್ರತಿವರ್ಷ ನೇಗಿಲು ಹೂಡುತ್ತಿರಲಿಲ್ಲ. ಕರಿಕೆ, ಜೇಕು ಹೆಚ್ಚಿದಾಗ ಕೆಲವು ವರ್ಷಕ್ಕೊಮ್ಮೆ ಆಳವಾಗಿ ರಂಟೆ ಹೊಡೆಯುವುದು, ಉಳಿದಂತೆ ಕುಂಟೆಯಿಂದ ಹರಗುವುದು. ಕುಂಟೆ ಎಂದರೆ ಅಡ್ಡ ಅಲಗಿನ ಉಪಕರಣ. ಮಣ್ಣನ್ನು ಮಗುಚುವುದಿಲ್ಲ, ಒಂದೆರಡು ಅಂಗುಲ ಕೆಳಗೆ ಹಾಯ್ದು ಕಳೆಯ ಬೇರು ಕೊಯ್ದು, ಮೇಲೆ ಸಡಿಲ ಮಣ್ಣಿನ ಹೊದಿಕೆ ಬಿಟ್ಟು ಕೆಳಗಿನ ಹಸಿಯನ್ನು ಕಾಯುತ್ತದೆ.

ಟ್ರ್ಯಾಕ್ಟರು ಬಂದ ಮೇಲೆ ಈ ಕ್ರಮ ತಲೆಕೆಳಗಾಯಿತು. ಶಕ್ತಿ ಇದೆಯೆಂದು ಪ್ರತಿ ಬೇಸಿಗೆಯೂ ಆಳವಾಗಿ ಉಳುವುದು. ಒಣ ಎರೆಯಲ್ಲಿ ಕೊಡದಷ್ಟು ದೊಡ್ಡ ಹೆಂಟೆಗಳೇಳುವುದು. ಆ ಹೆಂಟೆ ಒಡೆಯಲು ಮತ್ತೆ ರೋಟವೇಟರ್ ಹೊಡೆಸುವುದು. ಒಂದು ಯಂತ್ರ ಮಾಡಿದ ತೊಂದರೆಯನ್ನು ಇನ್ನೊಂದು ಯಂತ್ರಕ್ಕೆ ಬಾಡಿಗೆ ಕೊಟ್ಟು ನಿವಾರಿಸಿಕೊಂಡಂತಾಯಿತು.

ಮಾನ್ವಿಯ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದ ನಂತರ ಎಡದಂಡೆ ಕಾಲುವೆಯ ನೀರು ಆ ಕಡೆ ಹರಿಯಿತು. ಯೋಜನೆ ಮಾಡಿದವರು ಬಹುಭಾಗಕ್ಕೆ ಕಡಿಮೆ ನೀರಿನ ಬೆಳೆಯನ್ನು ಗೊತ್ತುಮಾಡಿದ್ದರು. ಜನ ಭತ್ತ ಹಚ್ಚಿದರು. ಭತ್ತಕ್ಕೆ ನೀರು ನಿಲ್ಲಬೇಕು, ನೀರು ನಿಲ್ಲಲು ಕೆಸರು ಮಾಡಬೇಕು. ಸುಮಾರು ಎರಡು ಟನ್ ತೂಕದ ಟ್ರ್ಯಾಕ್ಟರು ಕೇಜ್‌ವೀಲ್ ಹಾಕಿಕೊಂಡು ಪ್ರತಿ ಹಂಗಾಮಿನಲ್ಲೂ ಒಂದೇ ಆಳದಲ್ಲಿ ಕೆಸರನ್ನು ಕಲಸಿತು. ಬೆಳೆಯ ಮೇಲೆ ಬೆಳೆ ನೀರು ಬಿಟ್ಟಿದ್ದರಿಂದ ಬಿರುಕು ಬಿಡುವಷ್ಟು ಒಣಗಲು ಭೂಮಿಗೆ ಪುರಸತ್ತೂ ಸಿಗಲಿಲ್ಲ. ಹೀಗೆ ಕೆಳಗೆ ಒಂದು ಗಟ್ಟಿ ಪದರ ಕೂತಿತು. ಭತ್ತ ಇರುವವರೆಗೆ ಅದರಿಂದ ಉಪಕಾರವೇ. ಆದರೆ ಕಾಲುವೆಯ ಕೊನೆಯಂಚಿಗೆ ನೀರು ಬಾರದ ವರ್ಷ ಅದೇ ಗದ್ದೆಗೆ ತೊಗರಿಯನ್ನೋ ಹತ್ತಿಯನ್ನೋ ಹಾಕಿದರೆ ತಾಯಿಬೇರು ಆ ಪದರಕ್ಕೆ ಮುಟ್ಟಿ ಅಡ್ಡ ತಿರುಗುತ್ತದೆ. ಮಾನ್ವಿ ಸಮೀಪದ ಹಿರಿಯ ರೈತರೊಬ್ಬರು ಹಾರೆಯಿಂದ ಕುಳಿ ತೆಗೆದು ತೋರಿಸಿದರು. "ರೋಟರಿ ಹೊಡದ್ರ ಮ್ಯಾಲ ಹುಡಿ ಹುಡಿ ಆಗಿ ನೋಡಾಕ ಚಂದ ಕಾಣತದ ರೀ ಸಾಹೇಬ್ರ. ಒಂದು ಗೇಣು ಕೆಳಗ ಕಲ್ಲಾಗ್ಯದ" ಎಂದರು. ಹಾರೆಯ ಸದ್ದು ಬದಲಾದದ್ದು ನಮ್ಮ ಕಿವಿಗೂ ಕೇಳಿಸಿತು.

ರೋಟವೇಟರನ್ನು ನಾವು ಹಳಿಯುತ್ತಿಲ್ಲ. ಆಸ್ಟ್ರೇಲಿಯದ ಕ್ಲಿಫ್ ಹವರ್ಡ್ ಎಂಬ ರೈತನ ಮಗ 1912ರಲ್ಲಿ ತನ್ನ ತಂದೆಯ ಟ್ರ್ಯಾಕ್ಟರ್ ಎಂಜಿನ್ನಿನಿಂದ ಮಣ್ಣು ಕೊಚ್ಚುವ ಪ್ರಯೋಗ ಆರಂಭಿಸಿದ್ದೇ ಟ್ರ್ಯಾಕ್ಟರಿನ ಭಾರದಿಂದ ಮಣ್ಣು ಅಮುಕುವುದನ್ನು ತಪ್ಪಿಸಲೆಂದು. ಕೆಸರು ಗದ್ದೆಗೆ ಅದು ಒಳ್ಳೆಯ ಯಂತ್ರ. ಆದರೆ ಅದರ ಅಲಗುಗಳು ನಾಲ್ಕೈದು ಅಂಗುಲದ ಒಂದೇ ಮಟ್ಟದಲ್ಲಿ ಸುತ್ತುತ್ತವೆ. ಹಸಿ ಜೇಡಿಯಲ್ಲಿ ಸುತ್ತಿದಾಗ ತಳವನ್ನು ಕರಣೆಯಿಂದ ಸಾರಿಸಿದ ಹಾಗೆ ನುಣ್ಣಗೆ ಮಾಡುತ್ತವೆ. ವರ್ಷ ವರ್ಷವೂ ಅದೊಂದನ್ನೇ ಬಳಸುವುದರಲ್ಲಿ ಅಪಾಯವಿದೆ.

ಹಾಗಾದರೆ ನೇಗಿಲು? 1903ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆಂದು ರೈತರು ಮುಟ್ಟಲು ಹೆದರಿದರೆಂಬ ಮಾತು ಪ್ರಸಿದ್ಧ. ನಂತರ ಅದೇ ರಂಟೆ ಉತ್ತರ ಕರ್ನಾಟಕದ ಮನೆಮಾತಾಯಿತು. ಎತ್ತಿನ ನಡಿಗೆಗೆ ಅದು ಒಪ್ಪುವ ಆಕಾರ. ಟ್ರ್ಯಾಕ್ಟರು ಎತ್ತಿನ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ವೇಗ ಎರಡು ಪಟ್ಟಾದರೆ ಮಣ್ಣನ್ನು ಎಸೆಯಲು ತಗಲುವ ಬಲ ನಾಲ್ಕು ಪಟ್ಟಾಗುತ್ತದೆಂಬುದು ಯಂತ್ರಶಾಸ್ತ್ರದ ಸಾಮಾನ್ಯ ಲೆಕ್ಕ. ಆದಕಾರಣ ಎತ್ತಿನ ರಂಟೆಯ ಗಿಡ್ಡ, ಕಡಿದಾದ ರೆಕ್ಕೆಯನ್ನೇ ದೊಡ್ಡದು ಮಾಡಿ ಟ್ರ್ಯಾಕ್ಟರಿಗೆ ಜೋಡಿಸಿದರೆ ಮಣ್ಣು ಹೊರಳುವ ಬದಲು ಚೆಲ್ಲಾಡುತ್ತದೆ, ಡೀಸೆಲ್ ಸುಡುತ್ತದೆ. ಟ್ರ್ಯಾಕ್ಟರಿನ ನೇಗಿಲಿಗೆ ಉದ್ದನೆಯ, ನಿಧಾನವಾಗಿ ತಿರುಚಿಕೊಳ್ಳುವ ರೆಕ್ಕೆ ಬೇಕು.

ಅಂಟುವ ಮಣ್ಣಿನ ಸಮಸ್ಯೆ ಇದಕ್ಕಿಂತ ದೊಡ್ಡದು. ಹಸಿ ಎರೆಯಲ್ಲಿ ರೆಕ್ಕೆಗೆ ಮಣ್ಣು ಮೆತ್ತಿಕೊಂಡರೆ ಆಮೇಲೆ ಮಣ್ಣಿನ ಮೇಲೆ ಮಣ್ಣು ಜಾರಬೇಕಾಗುತ್ತದೆ. ಇದಕ್ಕೆಂದು ರೆಕ್ಕೆಯನ್ನು ಪಟ್ಟಿ ಪಟ್ಟಿಯಾಗಿ ಮಾಡಿ ಅಂಟುವ ಜಾಗವನ್ನೇ ಕಡಿಮೆ ಮಾಡಿದ್ದಾರೆ. ಚೀನಾದ ಜಿಲಿನ್ ವಿಶ್ವವಿದ್ಯಾಲಯದವರಂತೂ ಸಗಣಿಯಲ್ಲೇ ಓಡಾಡುವ ಹುಳುವಿನ ಮೈಗೆ ಸಗಣಿ ಏಕೆ ಅಂಟುವುದಿಲ್ಲವೆಂದು ನೋಡಿ, ಅದರ ತಲೆಯ ಮೇಲಿನ ಸಣ್ಣ ಗುಬುಟುಗಳಂತೆ ನೇಗಿಲಿನ ರೆಕ್ಕೆಯ ಮೇಲೂ ಮಾಡಿ ಪ್ರಯೋಗ ನಡೆಸಿದ್ದಾರೆ. ಇನ್ನೊಂದು ದೋಷ ಕಣ್ಣಿಗೆ ಬೀಳದ್ದು. ರೆಕ್ಕೆ ನೇಗಿಲು ಹೊಡೆಯುವಾಗ ಟ್ರ್ಯಾಕ್ಟರಿನ ಒಂದು ಬದಿಯ ಗಾಲಿ ಹಿಂದಿನ ಸಾಲಿನೊಳಗೇ ಓಡುತ್ತದೆ. ಮೇಲೆ ಎಷ್ಟೇ ಸಡಿಲ ಮಾಡಿದರೂ ಸಾಲಿನ ತಳವನ್ನು ಟಯರು ತುಳಿಯುತ್ತಲೇ ಇರುತ್ತದೆ. ರಾಯಚೂರು ಕಡೆ ಈಗ ಕಾಣುವ, ಎರಡು ಬದಿಗೂ ಮಗುಚುವ ಪಲ್ಟಿ ನೇಗಿಲಿನಿಂದ ಹೊಲದ ನಡುವೆ ತಗ್ಗು ದಿಣ್ಣೆ ಬೀಳುವುದು ತಪ್ಪುತ್ತದೆ, ನೀರಾವರಿಗೆ ಮಟ್ಟ ಉಳಿಯುತ್ತದೆ. ಗಾಲಿಯ ತುಳಿತ ಮಾತ್ರ ತಪ್ಪುವುದಿಲ್ಲ.

ಗಟ್ಟಿ ಪದರ ಒಡೆಯಲು ಮಗುಚುವ ನೇಗಿಲಿಗಿಂತ ಸೀಳುವ ಉಳಿ ನೇಗಿಲು ಮೇಲು. ಅದರಲ್ಲೂ ಒಂದು ಮರ್ಮವಿದೆ. 1978ರಲ್ಲಿ ಇಂಗ್ಲೆಂಡಿನ ಸ್ಪೂರ್ ಮತ್ತು ಗಾಡ್ವಿನ್ ಎಂಬ ಇಬ್ಬರು ಎಂಜಿನಿಯರರು ಪ್ರಯೋಗದಿಂದ ತೋರಿಸಿದ್ದೇನೆಂದರೆ, ಪ್ರತಿಯೊಂದು ಉಳಿಗೂ ಒಂದು ಮಿತಿಯ ಆಳವಿದೆ. ಅದು ಸ್ಥೂಲವಾಗಿ ಉಳಿಯ ಅಗಲದ ಆರರಷ್ಟು. ಮಣ್ಣಿನ ಹದದ ಮೇಲೆ ಹೆಚ್ಚು ಕಡಿಮೆ. ಆ ಆಳದವರೆಗೆ ಮಣ್ಣು ಬಿರಿದು ಮೇಲಕ್ಕೇಳುತ್ತದೆ. ಅದಕ್ಕೂ ಕೆಳಗಿಳಿಸಿದರೆ ಏಳುವುದಿಲ್ಲ, ಪಕ್ಕಕ್ಕೆ ಒತ್ತಿ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡಂಗುಲ ಅಗಲದ ಉಳಿಯನ್ನು ಎರಡಡಿ ಇಳಿಸಿದೆವೆಂದು ಬೀಗುವವನು ಒಂದಡಿಯ ಕೆಳಗೆ ಡೀಸೆಲ್ ಸುಟ್ಟು ಭೂಮಿಯನ್ನು ಕೆಡಿಸಿದಂತೆ. ಉಳಿಯ ಬುಡಕ್ಕೆ ಎರಡು ಕಡೆ ಚಪ್ಪಟೆ ರೆಕ್ಕೆ ಬೆಸೆದು, ಅದರ ಮುಂದೆ ಕಡಿಮೆ ಆಳದ ಉಳಿಗಳನ್ನು ಓಡಿಸಿದರೆ ಮಿತಿ ಆಳಕ್ಕಿಳಿಯುತ್ತದೆ. ಎಳೆತ ಒಟ್ಟಿನಲ್ಲಿ ಹೆಚ್ಚಿದರೂ ಸಡಿಲವಾದ ಮಣ್ಣಿನ ಲೆಕ್ಕಕ್ಕೆ ಅದು ಅಗ್ಗವಾಗುತ್ತದೆ. ಇವೆಲ್ಲ ಒಣಗಿದ ನೆಲದ ಮಾತು. ಹಸಿ ನೆಲದಲ್ಲಿ ಉಳಿ ಬೆಣ್ಣೆಯಲ್ಲಿ ಚಾಕು ಹಾಯ್ದ ಹಾಗೆ ಹಾಯುತ್ತದೆ, ಬಿರಿಯುವುದಿಲ್ಲ.

ಆ ಚಪ್ಪಟೆ ರೆಕ್ಕೆಯನ್ನು ಕಂಡಾಗ ನಮಗೆ ಕುಂಟೆಯ ನೆನಪಾಗದೆ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಮಗುಚಿ ಉತ್ತ ಮಣ್ಣು ಧೂಳಾಗಿ ಹಾರಿಹೋದಾಗ, ಕೆನಡಾದ ಚಾರ್ಲ್ಸ್ ನೋಬಲ್ ಎಂಬ ರೈತ ಮಣ್ಣು ಮಗುಚದೆ ಅಡಿಯಲ್ಲಿ ಕೊಯ್ಯುವ ಅಡ್ಡ ಅಲಗನ್ನು ಟ್ರ್ಯಾಕ್ಟರಿಗೆ ಕಟ್ಟಿ ಹೆಸರಾದ. ದೇವದುರ್ಗದ ಯಾವ ಒಕ್ಕಲಿಗನೂ ಅದನ್ನು ನೋಡಿ ‘ಇದು ನಮ್ಮ ಕುಂಟೆ’ ಎಂದಾನು. ಟ್ರ್ಯಾಕ್ಟರಿನ ಉಪಕರಣ ಸುಧಾರಿಸುವವರು ರಂಟೆಯ ಬದಲು ಕುಂಟೆಯಿಂದ ಆರಂಭಿಸಿದ್ದರೆ ನಮ್ಮ ಎರೆಸೀಮೆಗೆ ಇನ್ನೂ ಬೇಗ ಉಪಕಾರವಾಗುತ್ತಿತ್ತೆಂದು ನಮ್ಮ ಎಣಿಕೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇವೆ. ಪೇಟೆಯಲ್ಲಿ ಬೆಸುಗೆಯ ಕಾರ್ಖಾನೆಗಳಿವೆ. ಸವೆದ ಗುಳಕ್ಕೆ ಲಾರಿಯ ಹಳೆಯ ಪಾಟಾ ತುಂಡು ಬೆಸೆದು ಹೊಸ ಮೂತಿ ಕೊಡುವ ಕಮ್ಮಾರರ ಕೈಚಳಕ ನೋಡಿದರೆ, ನಕ್ಷೆ ಕೊಟ್ಟರೆ ಇವರು ಏನನ್ನೂ ಮಾಡಿಯಾರು ಎನಿಸುತ್ತದೆ.

ಇನ್ನು ನಮ್ಮ ಮನೆಯ ವಿಚಾರ. ಹತ್ತಿಪ್ಪತ್ತು ವರ್ಷಗಳಿಂದ ನಮ್ಮಲ್ಲಿ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಗದ್ದೆ ಎಂದರೆ ತಲೆಮಾರುಗಳಿಂದ ಕೆಸರು ತುಳಿದ ನೆಲ. ಮಾನ್ವಿಯ ಆ ಕಲ್ಲು ನಮ್ಮ ಗದ್ದೆಯ ಅಡಿಯಲ್ಲೂ ಇದೆ. ಅದರಲ್ಲಿ ಮೂರಡಿ ಚಚ್ಚೌಕದ ಗುಂಡಿ ತೋಡಿ ಅಡಿಕೆ ಸಸಿ ನೆಟ್ಟರೆ ಗುಂಡಿಯೊಂದು ಹರವಿಯಾಗುತ್ತದೆ. ಮಳೆಗಾಲದಲ್ಲಿ ನೀರು ತುಂಬಿ ನಿಲ್ಲುತ್ತದೆ, ಬೇರು ಕೊಳೆಯುತ್ತದೆ; ಸಸಿ ಹಳದಿಯಾದಾಗ ನಾವು ಗೊಬ್ಬರದಂಗಡಿಗೆ ಓಡುತ್ತೇವೆ. ನೆಡುವ ಮುಂಚಿನ ಬೇಸಿಗೆಯಲ್ಲಿ, ಗದ್ದೆ ಚೆನ್ನಾಗಿ ಒಣಗಿದಾಗ, ರೆಕ್ಕೆಯಿರುವ ಉಳಿಯಿಂದ ಆ ಪದರವನ್ನು ಒಮ್ಮೆ ಸೀಳಿ, ಸೀಳು ಬಸಿಗಾಲುವೆಗೆ ಕೂಡುವಂತೆ ಮಾಡಿದರೆ ನೀರಿಗೆ ದಾರಿಯಾಗುತ್ತದೆ. ಬಸಿಗಾಲುವೆ ತೆಗೆಯುವ ಕೆಲಸ ಇದರಿಂದ ತಪ್ಪುವುದಿಲ್ಲ, ಅದಂತೂ ಬೇಕೇ ಬೇಕು.

ಬೆಳೆದ ತೋಟದೊಳಗೆ ರೋಟವೇಟರ್ ಬಿಡುವ ಆಸೆಯೂ ಕೆಲವರಿಗಿದೆ. ಲೆಕ್ಕ ಹಾಕಿ ನೋಡಿ. ಮರದಿಂದ ಮರಕ್ಕೆ ಒಂಬತ್ತಡಿ, ರೋಟವೇಟರಿನ ಅಗಲ ಐದಡಿ. ಎರಡೂ ಬದಿಗೆ ಉಳಿಯುವುದು ಎರಡೆರಡಡಿ. ಅಡಿಕೆಯ ಬೇರು ಹೆಚ್ಚಾಗಿ ಹರಡುವುದು ಬುಡದಿಂದ ಮೂರು ಮೂರೂಕಾಲು ಅಡಿಯವರೆಗೆ. ಅಂದರೆ ಕತ್ತರಿ ಬೀಳುವುದು ಬೇರಿಗೇ. ಕಾಫಿಯ ಹೀರುಬೇರುಗಳಂತೂ ಮೇಲಿನ ಒಂದಡಿಯಲ್ಲೇ ಇವೆ. ಇಳಿಜಾರಿನಲ್ಲಿ ಹುಡಿಯಾದ ಮಣ್ಣು ನಮ್ಮ ಆಷಾಢದ ಮಳೆಗೆ ಎಲ್ಲಿಗೆ ಹೋಗುತ್ತದೆಂದು ತೋಟದವರಿಗೆ ಹೇಳಬೇಕಾಗಿಲ್ಲ.

ರೋಟವೇಟರಿಗೆ ಬಾಡಿಗೆ ಚೆನ್ನಾಗಿ ಹುಟ್ಟುತ್ತದೆ, ಉಳಿ ನೇಗಿಲು ಕೊಂಡರೆ ವರ್ಷದಲ್ಲಿ ಎರಡು ತಿಂಗಳು ಮಾತ್ರ ಕೆಲಸ ಎಂಬ ಆಕ್ಷೇಪಣೆ ನಿರ್ದೇಶಕರಲ್ಲೇ ಇದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ 2014–15ರಲ್ಲಿ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲೂ ಖಾಸಗಿಯವರಲ್ಲೂ ರೋಟವೇಟರ್ ಸಿಗುತ್ತದೆ. ಅದನ್ನೇ ಸಂಘವೂ ಕೊಂಡು ಅವರೊಡನೆ ಪೈಪೋಟಿಗೆ ನಿಲ್ಲುವುದೇಕೆ? ಟ್ರ್ಯಾಕ್ಟರು ಉಳಿದ ತಿಂಗಳು ಟ್ರೈಲರಿಗೂ ಔಷಧಿ ಸಿಂಪರಣೆಗೂ ಒದಗುತ್ತದೆ. ಆದ್ದರಿಂದ 45ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಹೊಂದುವ, ರೆಕ್ಕೆಯುಳ್ಳ ಒಂದೆರಡು ಕಾಲಿನ ಉಳಿ ನೇಗಿಲನ್ನು ಮೊದಲು ಕೊಳ್ಳಬೇಕೆಂಬ ತಿದ್ದುಪಡಿಯನ್ನು ನಾವು ಸಭೆಯ ಮುಂದಿಡಲಿದ್ದೇವೆ.

ಅದಕ್ಕೆ ಮೊದಲು ಸದಸ್ಯರಿಂದ ಒಂದು ಕೆಲಸವಾಗಬೇಕು. ಗದ್ದೆಯನ್ನು ತೋಟ ಮಾಡಬೇಕೆಂದಿರುವವರು ಒಂದು ಹದ ಮಳೆಯಾದ ಎರಡು ದಿನದ ಮೇಲೆ, ಮೂತಿ ಚೂಪು ಮಾಡಿದ ಕಬ್ಬಿಣದ ಸಲಾಕೆಯನ್ನು ಗದ್ದೆಯ ಐದಾರು ಕಡೆ ಕೈಯಿಂದ ಒತ್ತಿ ನೋಡಿ, ಎಷ್ಟು ಅಂಗುಲಕ್ಕೆ ತಡೆಯುತ್ತದೆ, ಎಷ್ಟು ಅಂಗುಲದ ನಂತರ ಮತ್ತೆ ಸಲೀಸಾಗುತ್ತದೆ ಎಂಬುದನ್ನು ಬರೆದು ಸರ್ವೆ ನಂಬರಿನೊಡನೆ ಸಂಘದ ಕಛೇರಿಗೆ ಮುಟ್ಟಿಸಬೇಕು. ಉಳಿಯ ಅಗಲ, ಆಳಗಳನ್ನು ಆ ಲೆಕ್ಕ ನೋಡಿಯೇ ತೀರ್ಮಾನಿಸುತ್ತೇವೆ.